ದೀಪ ಹತ್ತಿತ್ತಲ್ಲ ಸಾರ್

ಅಮ್ಮಣ್ಣಿ,

ಮೊನ್ನೆ ಫೋನಿನಲ್ಲಿ ನೀನು ಅಂದ ಒಂದು ಮಾತು ಎರಡು ದಿನದಿಂದ ನನ್ನ ತಲೆಯಲ್ಲೇ ಕೂತಿದೆ. “ಕೆಲಸ ಏನೂ ಕಷ್ಟ ಇಲ್ಲ ಮಾವ, ತಲೆ ಓಡಿಸೋದೇ ಬೇಕಿಲ್ಲ. ದೀಪ ಹತ್ತಿದ ಕಡೆ ಕೈ ಹಾಕಿದರಾಯ್ತು” ಅಂದೆ. ನಿಮ್ಮಮ್ಮನಿಗೆ ಸಮಾಧಾನವಾಗಲಿ ಅಂತಲೇ ಅಂದಿರಬಹುದು. ಮಗಳು ಹೊಸಕೋಟೆಯ ಗೋಡೌನಿನಲ್ಲಿ ಮೂಟೆ ಹೊರುತ್ತಾಳೋ ಏನೋ ಅಂತ ಅವಳಿಗೆ ದಿಗಿಲು. ನನಗೆ ಮಾತ್ರ ಆ ಮಾತು ಕೇಳಿ ಮೈ ಜುಂ ಅಂತು. ಯಾಕೆಂದರೆ ಹೆಚ್ಚುಕಡಿಮೆ ಅದೇ ಮಾತನ್ನು 2011ರಲ್ಲಿ ಇಪ್ಪತ್ತೆರಡು ಜನರ ಮುಂದೆ ನಿಂತು ಹೇಳಿದವನು ನಾನು. ಅದರ ಫಲ ಉಂಡವನೂ ನಾನೇ. ಅದನ್ನೆಲ್ಲ ಫೋನಿನಲ್ಲಿ ಹೇಳಹೊರಟರೆ ನಿನ್ನ ಅರ್ಧ ಗಂಟೆಯ ಊಟದ ಬಿಡುವು ಅದರಲ್ಲೇ ಮುಗಿದುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ರಜೆಯ ದಿನ ಕೂತು ಓದು.

ನಾನು ಸ್ಟೋರಿಗೆ ಕಾಲಿಟ್ಟಿದ್ದು 1984ರಲ್ಲಿ, ಬೆಂಗಳೂರು ಪೇಟೆಯ ಒಂದು ಸಗಟು ಔಷಧಿ ಅಂಗಡಿಯಲ್ಲಿ. ಪಿಕ್ಕಿಂಗ್ ಅನ್ನುವ ಮಾತೇ ಆಗ ಗೊತ್ತಿರಲಿಲ್ಲ. “ಮಾಲು ತೆಗೆಯೋದು” ಅನ್ನುತ್ತಿದ್ದೆವು. ಮುಂದಿನ ಮೇಜಿನಿಂದ ಕಾರ್ಬನ್ ಹಾಳೆಯ ಚೀಟಿ ಬರುತ್ತಿತ್ತು. ನಾಲ್ಕನೇ ಪ್ರತಿಯಾದರೆ ಅಕ್ಷರ ಇದೆಯೋ ಇಲ್ಲವೋ ಅನ್ನುವಷ್ಟು ತೆಳು. ಅದನ್ನು ಹಿಡಿದು, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು, ಕಪಾಟಿನಿಂದ ಕಪಾಟಿಗೆ ಓಡಾಟ. ಯಾವ ಔಷಧಿ ಯಾವ ಅರೆಯಲ್ಲಿದೆ ಅಂತ ತಿಳಿಯಲು ಹೊಸ ಹುಡುಗನಿಗೆ ಮೂರು ತಿಂಗಳು ಬೇಕಿತ್ತು. ಅಲ್ಲಿಯವರೆಗೆ ಹಳಬರ ಹಿಂದೆ ಬಾಲದ ಹಾಗೆ ತಿರುಗಬೇಕು. ನಮ್ಮಲ್ಲಿ ಒಬ್ಬ ಹಳೇ ಗುಮಾಸ್ತರಿದ್ದರು. ಕರೆಂಟು ಹೋದರೂ ಅವರ ಕೈ ನಿಲ್ಲುತ್ತಿರಲಿಲ್ಲ, ಕತ್ತಲಲ್ಲೇ ಹೋಗಿ ಕೇಳಿದ್ದನ್ನು ತಂದಿಡುತ್ತಿದ್ದರು. ಅದನ್ನು ನಾವೆಲ್ಲ ದೊಡ್ಡ ವಿದ್ಯೆ ಅಂತ ಹೊಗಳುತ್ತಿದ್ದೆವು. ಆದರೆ ಅವರು ರಜೆ ಹಾಕಿದ ದಿನ ಅರ್ಧ ಅಂಗಡಿ ಕುರುಡಾಗಿರುತ್ತಿತ್ತು. ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ ಕಣಮ್ಮ. ಕಣ್ಣೀರು ಬರುವಷ್ಟು ಹುಡುಕಿದ್ದೇನೆ ನಾನು, ಕಣ್ಣ ಮುಂದೆಯೇ ಇದ್ದ ಡಬ್ಬಿಯನ್ನು.

ಗೋಡೌನಿನ ಲೆಕ್ಕಾಚಾರದ ಪುಸ್ತಕಗಳನ್ನು ಆಮೇಲೆ ಓದಿದೆ. ಗೋಡೌನು ನಡೆಸುವ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಾಲು ತೆಗೆಯುವ ಕೆಲಸಕ್ಕೇ ಹೋಗುತ್ತದಂತೆ. ತೆಗೆಯುವವನ ಸಮಯದಲ್ಲಿ ಸುಮಾರು ಅರ್ಧ ಬರೀ ನಡಿಗೆಗೆ, ಐದರಲ್ಲೊಂದು ಪಾಲು ಹುಡುಕಾಟಕ್ಕೆ. ಕೈ ಹಾಕಿ ತೆಗೆಯುವುದಕ್ಕೆ ತಗಲುವ ಹೊತ್ತು ಹುಡುಕಾಟಕ್ಕಿಂತಲೂ ಕಡಿಮೆ. ಹಾಗಾದರೆ ನಾನು ಪೇಟೆಯಲ್ಲಿ ಕಳೆದ ವರ್ಷಗಳಲ್ಲಿ ಅರ್ಧದಷ್ಟು ಸಂಬಳ ನನ್ನ ಕಾಲಿಗೆ ಸಿಕ್ಕಿದ್ದು.

ನಿನ್ನ ಗೋಡೌನಿನ ಪಿಟಿಎಲ್, ಅಂದರೆ ‘ಪಿಕ್ ಟು ಲೈಟ್’, ಬಂದಿದ್ದು ಈ ನಡಿಗೆ ಮತ್ತು ಹುಡುಕಾಟವನ್ನು ತಿಂದುಹಾಕಲಿಕ್ಕೆ. ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ದಿನಾ ಮಾಡುವವರಿಗೆ ತಾವು ಮಾಡುವುದು ಕಾಣುವುದಿಲ್ಲ. ನಿನ್ನ ಝೋನಿಗೆ ಕ್ರೇಟು ಬರುತ್ತದೆ. ಅದರ ಬಾರ್‌ಕೋಡನ್ನು ನೀನು ಸ್ಕ್ಯಾನ್ ಮಾಡುತ್ತೀಯ. (ಅಂಗಡಿಯ ಕೌಂಟರಿನಲ್ಲಿ ಇವತ್ತಿನ ಈ ಬಾರ್‌ಕೋಡನ್ನು ಮೊದಲ ಸಲ ಓದಿಸಿದ್ದು 1974ರ ಜೂನ್ 26ರಂದು, ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಅನ್ನುವ ಊರಿನಲ್ಲಿ. ಸ್ಕ್ಯಾನ್ ಆಗಿದ್ದು ಒಂದು ಚೂಯಿಂಗ್ ಗಮ್ ಪೊಟ್ಟಣ. ಇಂಥ ವಿಷಯ ನನಗೆ ಬಾಯಿಪಾಠ, ನಿನ್ನ ಅತ್ತೆಗೆ ತಲೆನೋವು.) ಸ್ಕ್ಯಾನ್ ಆದ ಕೂಡಲೇ ಆ ಆರ್ಡರಿಗೆ ಬೇಕಾದ ಬಿನ್‌ಗಳ ಕೆಳಗೆ ಮಾತ್ರ ದೀಪ ಹತ್ತುತ್ತದೆ. ಪಕ್ಕದ ಪುಟ್ಟ ಕಿಟಕಿಯಲ್ಲಿ ಎಷ್ಟು ಅನ್ನುವ ಅಂಕಿ. ತೆಗೆದೆ, ಕ್ರೇಟಿಗೆ ಹಾಕಿದೆ, ಬಟನ್ ಒತ್ತಿದೆ, ದೀಪ ಆರಿತು. ಎಲ್ಲ ಆರಿದ ಮೇಲೆ ಕ್ರೇಟನ್ನು ಮುಂದಿನ ಝೋನಿಗೆ ತಳ್ಳಿದೆ. ಒಂದೇ ಝೋನಿನಲ್ಲಿ ಇಬ್ಬರಿದ್ದರೆ ನಿನಗೊಂದು ಬಣ್ಣ, ಅವಳಿಗೊಂದು ಬಣ್ಣ. ಕಾಗದವಿಲ್ಲ, ಕೈಯಲ್ಲಿ ಪೆನ್ಸಿಲಿಲ್ಲ, ಎರಡು ಕೈಯೂ ಖಾಲಿ. ಕನ್ನಡ ಓದಲು ಬಾರದ ಒಡಿಶಾದ ಹುಡುಗನೂ, ಹಿಂದಿ ಬಾರದ ನಮ್ಮ ಮಾಲೂರಿನ ಹುಡುಗಿಯೂ ಒಂದೇ ಸಾಲಿನಲ್ಲಿ ನಿಂತು ಒಂದೇ ವೇಗದಲ್ಲಿ ಕೆಲಸ ಮಾಡಬಹುದು. ನಾನು ಕಂಡ ಯಂತ್ರಗಳಲ್ಲಿ ಇಷ್ಟು ಸರಳವಾದದ್ದು, ಇಷ್ಟು ಉಪಕಾರ ಮಾಡಿದ್ದು ಕಡಿಮೆ.

ನೆಲಮಂಗಲ ರಸ್ತೆಯಲ್ಲಿ ನಾನಿದ್ದ ಔಷಧಿ ಡಿಪೋಗೆ ಇದು ಬಂದಾಗ ಶಿಫ್ಟಿನ ಮೇಲ್ವಿಚಾರಣೆ ನನ್ನದು. ಹಳಬರಿಗೆ ಸಿಟ್ಟು ಬಂತು. “ನಮ್ಮನ್ನೇನು ಪೆದ್ದರು ಅಂತ ತಿಳಿದಿದ್ದಾರಾ, ದೀಪ ಹಚ್ಚಿ ತೋರಿಸೋಕೆ?” ಅಂದರು. ಅವರ ಸಿಟ್ಟು ಹೊಸದೇನಲ್ಲ ಅಂತ ನನಗೆ ಗೊತ್ತಾಗಿದ್ದು ಆಮೇಲೆ, ಜಪಾನಿನ ಒಂದು ಪ್ರಸಂಗ ಓದಿದಾಗ.

1961ರಲ್ಲಿ ಶಿಗೆಯೊ ಶಿಂಗೊ ಅನ್ನುವ ಎಂಜಿನಿಯರು ಯಮಡಾ ಎಲೆಕ್ಟ್ರಿಕ್ ಅನ್ನುವ ಕಾರ್ಖಾನೆಗೆ ಹೋಗಿದ್ದರು. ಅಲ್ಲಿ ಒಂದು ಸಣ್ಣ ಸ್ವಿಚ್ಚು ಜೋಡಿಸುವ ಕೆಲಸ. ಗುಂಡಿಗಳ ಕೆಳಗೆ ಎರಡು ಸ್ಪ್ರಿಂಗು ಇಡಬೇಕು. ಆಗೊಮ್ಮೆ ಈಗೊಮ್ಮೆ ಒಂದು ಸ್ಪ್ರಿಂಗು ಮರೆತುಹೋಗುತ್ತಿತ್ತು, ಸ್ವಿಚ್ಚು ವಾಪಸು ಬರುತ್ತಿತ್ತು. ಬೈದರು, ಎಚ್ಚರಿಸಿದರು, ಏನೂ ಸಾಗಲಿಲ್ಲ. ಶಿಂಗೊ ಮಾಡಿಸಿದ್ದು ಇಷ್ಟೇ: ಕೆಲಸ ಶುರುಮಾಡುವ ಮೊದಲು ಡಬ್ಬಿಯಿಂದ ಎರಡು ಸ್ಪ್ರಿಂಗು ತೆಗೆದು ಒಂದು ಸಣ್ಣ ತಟ್ಟೆಯಲ್ಲಿಟ್ಟುಕೊಳ್ಳಿ. ಜೋಡಿಸಿ ಮುಗಿದಾಗ ತಟ್ಟೆಯಲ್ಲಿ ಸ್ಪ್ರಿಂಗು ಉಳಿದಿದ್ದರೆ ಮರೆತಿದ್ದೀರಿ ಅಂತ. ಒಂದು ತಟ್ಟೆಯಿಂದ ರೋಗ ವಾಸಿಯಾಯಿತು. ಇಂಥ ಉಪಾಯಗಳಿಗೆ ಮೊದಲು ಅವರಿಟ್ಟ ಹೆಸರು ‘ಬಾಕಾ ಯೋಕೆ’. ಬಾಕಾ ಅಂದರೆ ಪೆದ್ದ. 1963ರಲ್ಲಿ ಇನ್ನೊಂದು ಕಾರ್ಖಾನೆಯ ಹೆಣ್ಣುಮಗಳೊಬ್ಬಳು ಆ ಹೆಸರು ಕೇಳಿ ನೊಂದುಕೊಂಡಳಂತೆ, ನಾನೇನು ಪೆದ್ದಿಯೇ ಅಂತ. ಶಿಂಗೊ ಹೆಸರನ್ನೇ ಬದಲಾಯಿಸಿದರು, ‘ಪೋಕಾ ಯೋಕೆ’. ಪೋಕಾ ಅಂದರೆ ನಮ್ಮ ಕಣ್ತಪ್ಪು, ಕೈತಪ್ಪು ಅಂತಾರಲ್ಲ, ಅದು. ಎಂಥ ಜಾಣನಿಗೂ ಆಗುವಂಥದು. ಇವತ್ತು ಲೋಕದ ಕಾರ್ಖಾನೆಗಳಲ್ಲೆಲ್ಲ ಓಡಾಡುವ ಹೆಸರು ಅದೇ. ಒಬ್ಬ ಕೆಲಸದ ಹೆಂಗಸಿನ ಬೇಸರಕ್ಕೆ ಬೆಲೆ ಕೊಟ್ಟು ಒಂದು ಶಾಸ್ತ್ರದ ಹೆಸರೇ ಬದಲಾದದ್ದು ನನಗೆ ಬಹಳ ಹಿಡಿಸಿದ ಸಂಗತಿ.

ನಿನ್ನ ಬಿನ್ನಿನ ದೀಪವೂ ಅಂಥ ತಟ್ಟೆಯೇ. ಅದು ನಿನ್ನ ಬುದ್ಧಿಗೆ ಬದಲಿ ಅಂತ ಅಲ್ಲಿಲ್ಲ, ನಿನ್ನ ಮರೆವಿಗೆ ಕಾವಲು ಅಂತ ಇದೆ. ಆದರೆ ಇದನ್ನು ನಾನೇ ಆಗ ತಿಳಿದಿರಲಿಲ್ಲ. ತರಬೇತಿಯ ದಿನ ಇಪ್ಪತ್ತೆರಡು ಜನರಿಗೆ ನಾನು ಹೇಳಿದ್ದು: “ಯೋಚನೆ ಮಾಡೋಕೆ ಹೋಗಬೇಡಿ. ಹೆಸರು ಓದೋದು ಬೇಡ, ಡಬ್ಬಿ ನೋಡೋದು ಬೇಡ. ದೀಪ ನೋಡಿ, ಅಂಕಿ ನೋಡಿ, ಒತ್ತಿ.” ನನಗೆ ಬೇಕಿದ್ದದ್ದು ವೇಗ. ಸಿಕ್ಕಿತು ಕೂಡ.

ಎಂಟು ತಿಂಗಳಾದ ಮೇಲೆ ಒಂದು ಸಂಜೆ ದೂರದ ಊರಿನ ಔಷಧಿ ಅಂಗಡಿಯವರೊಬ್ಬರು ಫೋನು ಮಾಡಿದರು. “ಬಿಪಿ ಮಾತ್ರೆ ಎರಡೂವರೆ ಕೇಳಿದ್ದೆ, ಐದು ಕಳಿಸಿದ್ದೀರಲ್ಲ?” ಅಂದರು. ಅಮ್ಲೋಡಿಪಿನ್ ಅನ್ನುವ ಮಾತ್ರೆ. ಎರಡೂವರೆ, ಐದು, ಹತ್ತು ಮಿಲಿಗ್ರಾಂ ಅಂತ ಬರುತ್ತದೆ. ಆ ಕಂಪನಿಯ ಡಬ್ಬಿಗಳು ಅಣ್ಣತಮ್ಮಂದಿರ ಹಾಗೆ, ಅಳತೆ ಒಂದೇ, ಬಿಳುಪು ಒಂದೇ. ಅಂಚಿನ ಪಟ್ಟಿಯ ಬಣ್ಣ ಮಾತ್ರ ಬೇರೆ. ಒಂದು ಡಬ್ಬಿ ತಪ್ಪಿರಬಹುದು ಅಂತ ನಾನೇ ರ‍್ಯಾಕಿನ ಹತ್ತಿರ ಹೋಗಿ ನೋಡಿದೆ. ಎರಡೂವರೆಯ ಬಿನ್ನಿನ ತುಂಬ ಐದರ ಡಬ್ಬಿಗಳು, ನೀಟಾಗಿ ಜೋಡಿಸಿಟ್ಟಿವೆ. ದೀಪ ಸರಿಯಾದ ಬಿನ್ನಿಗೇ ಹತ್ತುತ್ತಿತ್ತು, ಅಂಕಿ ಸರಿಯಾಗಿಯೇ ಬರುತ್ತಿತ್ತು, ಹುಡುಗಿಯರು ಸರಿಯಾಗಿಯೇ ತೆಗೆಯುತ್ತಿದ್ದರು. ಬೆಳಗಿನಿಂದ ಹೊರಟ 43 ಆರ್ಡರಿನಲ್ಲಿ ತಪ್ಪು ಮಾತ್ರೆ ಹೋಗಿತ್ತು. ಕಂಪ್ಯೂಟರಿನ ಲೆಕ್ಕದಲ್ಲಿ ಆವತ್ತು ಒಂದೇ ಒಂದು ತಪ್ಪೂ ಇರಲಿಲ್ಲ.

ಆಗಿದ್ದೇನು ಅಂದರೆ, ನಮ್ಮದು ಹಿಂದಿನಿಂದ ತುಂಬಿ ಮುಂದಿನಿಂದ ತೆಗೆಯುವ ಇಳಿಜಾರು ರ‍್ಯಾಕು. ಹಳೆಯ ಮಾಲು ಮುಂದೆ ಜಾರಿ ಬರಲಿ, ಮೊದಲು ಅದೇ ಖರ್ಚಾಗಲಿ ಅಂತ. ದೀಪಗಳೆಲ್ಲ ಮುಂದುಗಡೆ. ಹಿಂದುಗಡೆ ಬರೀ ಅಂಟಿಸಿದ ಚೀಟಿ, ಮಂಕು ಟ್ಯೂಬ್‌ಲೈಟು. ತುಂಬುವ ಹುಡುಗನ ಸ್ಕ್ಯಾನರಿನ ಬ್ಯಾಟರಿ ಮುಗಿದಿತ್ತು. ಹೋಗಿ ಬದಲಾಯಿಸಿಕೊಂಡು ಬರಲು ಹತ್ತು ನಿಮಿಷ, ಅಷ್ಟರಲ್ಲಿ ಮುಂದೆ ಬಿನ್ ಖಾಲಿಯಾಗುತ್ತದೆ, ನಾನು ಕೂಗುತ್ತೇನೆ. ನೆನಪಿನ ಮೇಲೆ ತುಂಬಿದ.

ಆ ರಾತ್ರಿ ನಾನು, ಇನ್ನಿಬ್ಬರು ಕೂತು 43 ಅಂಗಡಿಗೂ ಫೋನು ಮಾಡಿದೆವು. ಬೀಗ ಹಾಕಿ ಮನೆಗೆ ಹೋದವರನ್ನು ಮನೆಯಲ್ಲಿ ಹಿಡಿದೆವು. ಎರಡು ಅಂಗಡಿಯಲ್ಲಿ ಮಾತ್ರೆಯ ಪಟ್ಟಿ ಮಾರಾಟವಾಗಿಬಿಟ್ಟಿತ್ತು. ಆ ಅಂಗಡಿಯವರು ಗಿರಾಕಿಯ ಮನೆಯನ್ನೇ ಹುಡುಕಿಕೊಂಡು ಹೋಗಿ ವಾಪಸು ತಂದರು. ಯಾರಿಗೂ ಏನೂ ಆಗಲಿಲ್ಲ. ಕೊನೆಯ ಅಂಗಡಿಯವರು “ಸಿಕ್ತು, ಮಲಕ್ಕೊಳ್ಳಿ” ಅಂದಾಗ ಬೆಳಗಿನ ಜಾವ ನಾಲ್ಕೂವರೆ. ಮಲಗಲಿಲ್ಲ.

ಮಾರನೇ ದಿನ ಆ ಝೋನಿನ ಹುಡುಗಿಯನ್ನು ಕರೆದು ಕೇಳಿದೆ. ಜಾಣೆ, ಕೆಲಸದಲ್ಲಿ ಚುರುಕು, ನಿನ್ನದೇ ವಯಸ್ಸು. “ಅಂಚಿನ ಪಟ್ಟಿ ಬೇರೆ ಬಣ್ಣ ಇತ್ತಲ್ಲಮ್ಮ, ಕಾಣಲಿಲ್ಲವಾ?” ಅಂದೆ. “ಕಾಣ್ತು ಸಾರ್. ಬೆಳಿಗ್ಗೇನೇ ಕಾಣ್ತು” ಅಂದಳು. ಆಮೇಲೆ, ತಪ್ಪು ಯಾರದು ಅಂತ ಅವಳಿಗೂ ತಿಳಿಯದೆ, “ದೀಪ ಹತ್ತಿತ್ತಲ್ಲ ಸಾರ್” ಅಂದಳು. ನನ್ನ ಬಾಯಿ ಕಟ್ಟಿಹೋಯಿತು. ಡಬ್ಬಿ ನೋಡಬೇಡಿ ಅಂದವನು ನಾನೇ ಅಲ್ಲವೇ.

ನಿನ್ನ ಮುತ್ತಜ್ಜನ ಮನೆಯ ಅಂಗಳದಲ್ಲಿ ಹಗೇವಿತ್ತು, ನೀನು ನೋಡಿಲ್ಲ, ಮುಚ್ಚಿ ಬಹಳ ಕಾಲವಾಯಿತು. ನೆಲದೊಳಗಿನ ಕಣಜ, ರಾಗಿ ಸುರಿದು ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವ ದಿನ ಬಾಯಿ ತೆರೆದು ಹೊತ್ತುಗಟ್ಟಲೆ ಹಾಗೇ ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ಲಾಟೀನು ಕಟ್ಟಿ ಮೆಲ್ಲಗೆ ಒಳಗಿಳಿಸುತ್ತಿದ್ದರು. ದೀಪ ಆರಿಹೋದರೆ ಯಾರೂ ಇಳಿಯುವಂತಿಲ್ಲ, ಒಳಗೆ ಉಸಿರಾಡುವ ಗಾಳಿಯಿಲ್ಲ ಅಂತ ಅರ್ಥ. ಆ ದೀಪ ಒಳಗಿಳಿದು, ಅಲ್ಲಿನ ಗಾಳಿಯನ್ನೇ ಮುಟ್ಟಿ ಸುದ್ದಿ ಹೇಳುತ್ತಿತ್ತು. ನಿನ್ನ ರ‍್ಯಾಕಿನ ದೀಪಕ್ಕೆ ಬಿನ್ನಿನ ಒಳಗೆ ಏನಿದೆ ಅಂತ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ಕಂಪ್ಯೂಟರು ಹೇಳಿದ್ದು. ಕಂಪ್ಯೂಟರಿಗೆ ಗೊತ್ತಿರುವುದು ಹಿಂದುಗಡೆ ನಿಂತು ತುಂಬಿದವನು ಹೇಳಿದ್ದು. ಅವನು ಬ್ಯಾಟರಿ ಮುಗಿದ ಸ್ಕ್ಯಾನರು ಹಿಡಿದಿದ್ದರೆ, ಆ ಇಡೀ ಸಾಲಿನಲ್ಲಿ ನಿಜವನ್ನು ಕಣ್ಣಾರೆ ಕಾಣುವವಳು ನೀನೊಬ್ಬಳೇ.

ಅದಕ್ಕೆ, ದೀಪ ಎಲ್ಲಿಗೆ ಅಂತ ತೋರಿಸಲಿ, ಏನು ಅಂತ ನೋಡುವ ಕೆಲಸ ನೀನು ಇಟ್ಟುಕೋ. ಪ್ರತಿ ಡಬ್ಬಿಯ ಮೇಲಿನ ಪುರಾಣವನ್ನೆಲ್ಲ ಓದು ಅನ್ನುತ್ತಿಲ್ಲ, ಅಷ್ಟು ಸಮಯ ನಿನಗೆ ಯಾರೂ ಕೊಡುವುದಿಲ್ಲ. ಕೈ ಹೋಗುವಾಗ ಕಣ್ಣೂ ಹೋಗಲಿ. ದಿನಾ ನೋಡುವ ಕಣ್ಣಿಗೆ ಬೇರೆಯದು ತಾನಾಗಿ ಚುಚ್ಚುತ್ತದೆ, ಆ ಹುಡುಗಿಗೆ ಚುಚ್ಚಿದ ಹಾಗೆ. ಚುಚ್ಚಿದಾಗ ಕೈ ನಿಲ್ಲಿಸಿ ಕೂಗು. ಮೇಲಿನವರು ಮುಖ ಗಂಟಿಕ್ಕಿದರೂ ಕೂಗು.

ಬಟನ್ನಿನ ವಿಷಯ. ನಿನ್ನ ಸಾಲಿನಲ್ಲೇ ಕೆಲವರು ಮಾಡುತ್ತಿರುತ್ತಾರೆ, ಮೂರು ದೀಪ ಹತ್ತಿದರೆ ಮೂರನ್ನೂ ಟಕಟಕ ಒತ್ತಿ ಆರಿಸಿ, ಆಮೇಲೆ ಮಾಲು ತೆಗೆಯುವುದು. ಟಾರ್ಗೆಟ್ ಹಲಗೆಯ ಮೇಲೆ ಅಂಕಿ ಚೆನ್ನಾಗಿ ಕಾಣುತ್ತದೆ. ಮಧ್ಯೆ ಯಾರೋ ಮಾತಾಡಿಸಿದರು ಅಂತಿಟ್ಟುಕೋ. ಎರಡು ತೆಗೆದಿದ್ದೀಯ, ಮೂರನೆಯದು ಯಾವುದು? ದೀಪ ಆರಿಹೋಗಿದೆ. ಅದು ಹತ್ತಿರುವಷ್ಟು ಹೊತ್ತು ನಿನ್ನ ನೆನಪನ್ನು ಅದು ಇಟ್ಟುಕೊಂಡಿರುತ್ತದೆ. ಒತ್ತಿದ ಮೇಲೆ ಲೋಕದಲ್ಲಿ ಯಾರಿಗೂ ನೆನಪಿಲ್ಲ. ಮಾಲು ಕ್ರೇಟಿಗೆ ಬಿದ್ದ ಮೇಲೆಯೇ ಬಟನ್ನು. ಇದರಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ.

ಅಂಕಿ ಎಷ್ಟರದು ಅಂತಲೂ ಕೇಳಿ ತಿಳಿದುಕೋ. ಕಿಟಕಿಯಲ್ಲಿ ಮೂರು ಅಂತ ಬಂದರೆ ಮೂರು ಪಟ್ಟಿಯೋ, ಹತ್ತು ಪಟ್ಟಿಯ ಮೂರು ಡಬ್ಬಿಯೋ? ನಮ್ಮಲ್ಲಿ ಹೊಸಬರು ಮಾಡುತ್ತಿದ್ದ ಮೊದಲನೇ ತಪ್ಪು ಇದೇ. ಐದಕ್ಕಿಂತ ಹೆಚ್ಚಿದ್ದರೆ ತುಟಿ ಅಲ್ಲಾಡಿಸಿ ಎಣಿಸು, ನಾಚಿಕೆ ಬೇಡ. ನಿಮ್ಮಜ್ಜ ಕಣದಲ್ಲಿ ರಾಗಿ ಅಳೆಯುವಾಗ ಒಂದು ಅನ್ನುವ ಬದಲು “ಲಾಭ” ಅಂತ ಶುರುಮಾಡಿ, ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ ಎಣಿಸುತ್ತಿದ್ದರು. ಶಾಸ್ತ್ರಕ್ಕಾಯಿತು, ಲೆಕ್ಕ ತಪ್ಪದಿರಲಿಕ್ಕೂ ಆಯಿತು.

ಬಿನ್ನಿನಲ್ಲಿ ಆರು ಬೇಕು, ನಾಲ್ಕೇ ಇದೆ. ಆಗ ಕಡಿಮೆ ಮಾಡುವ ಬಟನ್ ಒತ್ತಿ ನಾಲ್ಕು ಅಂತಲೇ ದಾಖಲಿಸು, ಶಾರ್ಟ್ ಅಂತ ಹೇಳು. ಶಾರ್ಟ್ ತೋರಿಸಿದರೆ ಬೈಗುಳ ಅಂತ ಹೆದರಿ ಆರು ಅಂತಲೇ ಒತ್ತಿಬಿಡುವವರಿದ್ದಾರೆ. ಅದರಿಂದ ಗಿರಾಕಿಗೆ ಎರಡು ಕಡಿಮೆ ಹೋಗುವುದು ಇರಲಿ, ಕಂಪ್ಯೂಟರಿನ ಲೆಕ್ಕಕ್ಕೂ ಬಿನ್ನಿಗೂ ನಂಟೇ ಕಡಿದುಹೋಗುತ್ತದೆ. ಒಂದೆರಡು ಸಲ ಹೀಗಾದರೆ ಮಾಲು ಇರುವಾಗ ಇಲ್ಲ ಅನ್ನುತ್ತದೆ, ಖಾಲಿ ಬಿನ್ನಿಗೆ ದೀಪ ಹತ್ತಿಸುತ್ತದೆ. ಖಾಲಿ ಬಿನ್ನಿನ ಮುಂದೆ ಮಿಣಮಿಣ ಅನ್ನುವ ದೀಪ ಕಂಡರೆ, ಯಾರೋ ಎಲ್ಲೋ ಮುಂಚೆ ಹೆದರಿ ಸುಳ್ಳು ಒತ್ತಿದ್ದಾರೆ ಅಂತ ತಿಳಿ.

ಮುಂದಿನ ತಿಂಗಳು ನಿನ್ನನ್ನು ಗೂಡುಗಳ ಗೋಡೆಯ ಕಡೆ ಹಾಕುತ್ತಾರೆ ಅಂದೆಯಲ್ಲ, ಅಲ್ಲಿ ಎಲ್ಲ ತಿರುಗುಮುರುಗು. ಇಲ್ಲಿ ದೀಪ ಹತ್ತಿದಲ್ಲಿಂದ ತೆಗೆಯುತ್ತೀಯ, ಅಲ್ಲಿ ಮಾಲನ್ನು ಸ್ಕ್ಯಾನ್ ಮಾಡಿದರೆ ಯಾವ ಗೂಡಿಗೆ ಹಾಕಬೇಕೋ ಆ ಗೂಡಿಗೆ ದೀಪ ಹತ್ತುತ್ತದೆ. ಒಂದೊಂದು ಗೂಡು ಒಂದೊಂದು ಮನೆಯ ಆರ್ಡರು. ಅಲ್ಲಿ ಕೈ ಪಕ್ಕದ ಗೂಡಿಗೆ ಹೋದರೆ ಒಂದೇ ತಪ್ಪಿಗೆ ಎರಡು ಮನೆ ಕೆಡುತ್ತದೆ, ಒಬ್ಬರಿಗೆ ಬರಬೇಕಾದ್ದು ಬರಲಿಲ್ಲ, ಇನ್ನೊಬ್ಬರಿಗೆ ಬೇಡದ್ದು ಬಂತು. ಬಣ್ಣಗಳ ವಿಷಯದಲ್ಲಿ ಇನ್ನೊಂದು ಮಾತು, ಇದು ನಿನ್ನ ಜೊತೆ ಸೇರಿದ ಹುಡುಗರಿಗೆ ಹೇಳು. ಗಂಡಸರಲ್ಲಿ ನೂರಕ್ಕೆ ಕೆಲವರಿಗೆ ಕೆಂಪು ಹಸಿರು ಒಂದೇ ಥರ ಕಾಣುತ್ತದೆ, ಎಷ್ಟೋ ಜನಕ್ಕೆ ತಮಗೆ ಹಾಗಿದೆ ಅಂತಲೇ ತಿಳಿದಿರುವುದಿಲ್ಲ. ಹಾಗಿದ್ದರೆ ಮೊದಲೇ ಹೇಳಿ ಬೇರೆ ಬಣ್ಣ ಕೇಳಬೇಕು. ಮುಚ್ಚಿಟ್ಟು ಒದ್ದಾಡಿದ ಒಬ್ಬನನ್ನು ನಾನು ಸೋಮಾರಿ ಅಂತ ಬೈದು ಆಮೇಲೆ ಕ್ಷಮೆ ಕೇಳಿದ್ದೇನೆ.

ಇನ್ನು ಕಹಿ ಮಾತು. ನಮಗೆ ಮೂರು ತಿಂಗಳು ಹಿಡಿಯುತ್ತಿದ್ದ ಕಲಿಕೆಯನ್ನು ನಿನಗೆ ಅರ್ಧ ದಿನದಲ್ಲಿ ಮುಗಿಸಿದರು. ದೀಪದ ದೊಡ್ಡ ಗುಣ ಅದು. ಆದರೆ ನಿನ್ನನ್ನು ಅರ್ಧ ದಿನದಲ್ಲಿ ತಯಾರು ಮಾಡಬಹುದಾದರೆ, ನಿನ್ನ ಜಾಗಕ್ಕೆ ಇನ್ನೊಬ್ಬಳನ್ನೂ ಅರ್ಧ ದಿನದಲ್ಲೇ ತಯಾರು ಮಾಡಬಹುದು. ಹಬ್ಬದ ಸೀಸನ್ನಿಗೆ ಲಾರಿಗಟ್ಟಲೆ ಜನ ತುಂಬಿಸಿಕೊಂಡು, ದೀಪಾವಳಿ ಮುಗಿದ ವಾರಕ್ಕೆ ಮನೆಗೆ ಕಳಿಸುವುದು ಇದೇ ಧೈರ್ಯದಿಂದ. ಕತ್ತಲಲ್ಲಿ ಮಾಲು ತೆಗೆಯುತ್ತಿದ್ದ ನಮ್ಮ ಗುಮಾಸ್ತರನ್ನು ಧಣಿಗಳು ಮಾತಾಡಿಸುವಾಗ ದನಿ ತಗ್ಗಿಸುತ್ತಿದ್ದರು. ನಿನ್ನ ಮುಂದೆ ಯಾರೂ ದನಿ ತಗ್ಗಿಸುವುದಿಲ್ಲ. ದೀಪ ಕಲಿಸದೆ ಇರುವುದನ್ನು ನೀನೇ ಕಲಿತರೆ ಮಾತ್ರ ಆ ಮರ್ಯಾದೆ ಸಿಗುತ್ತದೆ.

ಅದಕ್ಕೆ ದೊಡ್ಡ ಓದು ಬೇಡ, ಕಣ್ಣು ಸಾಕು. ನಿಮ್ಮ ಗೋಡೌನಿನಲ್ಲಿ ಎಲ್ಲ ರ‍್ಯಾಕಿಗೂ ದೀಪವಿಲ್ಲ, ಗಮನಿಸಿದ್ದೀಯಾ? ಪ್ರತಿ ಬಿನ್ನಿಗೂ ದೀಪ ಹಾಕಿಸಿದರೆ ಖರ್ಚು ಏಳುವುದಿಲ್ಲ. ಬೇಗ ಬೇಗ ಹೋಗುವ ಮಾಲಿಗೆ ಮಾತ್ರ ದೀಪ. ಹಿಂದಿನ ಎತ್ತರದ ರ‍್ಯಾಕುಗಳಲ್ಲಿ ತಿಂಗಳಿಗೊಮ್ಮೆ ಅಲುಗುವ ಮಾಲಿಗೆ ಇನ್ನೂ ಕೈ ಸ್ಕ್ಯಾನರೇ. ನೂರು ಥರದ ಸರಕಿನಲ್ಲಿ ಇಪ್ಪತ್ತು ಥರದ್ದೇ ಎಂಬತ್ತು ಪಾಲು ಓಡಾಡುತ್ತದೆ ಅಂತ ಗೋಡೌನಿನವರ ಗಾದೆ. ಆ ಇಪ್ಪತ್ತು ಯಾವುದು ಅಂತ ನಿನ್ನ ಕೈಗೆ ಗೊತ್ತು, ಆಫೀಸಿನವರಿಗೆ ವರದಿ ಬಂದ ಮೇಲೆ ಗೊತ್ತಾಗುತ್ತದೆ. ಹೆಚ್ಚು ಹೋಗುವ ಮಾಲು ಸೊಂಟಕ್ಕೂ ಎದೆಗೂ ನಡುವಿನ ಎತ್ತರದಲ್ಲಿರಬೇಕು. ಭಾರದ್ದು ತಲೆಯ ಮೇಲಿನ ಅರೆಯಲ್ಲಿ ಇರಕೂಡದು. ಒಂದರಂತೆ ಇನ್ನೊಂದು ಕಾಣುವ ಎರಡು ಡಬ್ಬಿ ಅಕ್ಕಪಕ್ಕ ಇರಲೇಕೂಡದು. ಆ ರಾತ್ರಿಯ ನಂತರ ನಮ್ಮ ಡಿಪೋದಲ್ಲಿ ಮೊದಲು ಮಾಡಿದ್ದು ಇದನ್ನೇ, ಎರಡೂವರೆ, ಐದು, ಹತ್ತನ್ನು ಬೇರೆ ಬೇರೆ ಝೋನಿಗೆ ಒಯ್ದೆವು. ತೂಕದ ಯಂತ್ರವೂ ಬಂತು, ಕ್ರೇಟು ಅದರ ಮೇಲೆ ಹಾದುಹೋಗುವಾಗ ಇರಬೇಕಾದ ತೂಕಕ್ಕೂ ಇರುವ ತೂಕಕ್ಕೂ ತಾಳೆ ನೋಡುತ್ತದೆ. ಬಹಳ ತಪ್ಪುಗಳನ್ನು ಹಿಡಿಯುತ್ತಿತ್ತು. ಆದರೆ ಎರಡೂವರೆಯ ಡಬ್ಬಿಯೂ ಐದರ ಡಬ್ಬಿಯೂ ತೂಕದಲ್ಲಿ ಹೆಚ್ಚುಕಡಿಮೆ ಒಂದೇ, ಆವತ್ತಿನ ತಪ್ಪನ್ನು ಅದೂ ಹಿಡಿಯುತ್ತಿರಲಿಲ್ಲ.

ಅವಕಾಶ ಸಿಕ್ಕಿದರೆ ಹಿಂದುಗಡೆಯ ಕೆಲಸ ಕೇಳಿ ಹಾಕಿಸಿಕೋ. ತುಂಬುವುದು, ಎಣಿಕೆ ತಾಳೆ ನೋಡುವುದು, ಬಂದ ಮಾಲನ್ನು ಇಳಿಸಿಕೊಂಡು ಬ್ಯಾಚು, ಎಕ್ಸ್‌ಪೈರಿ ದಾಖಲಿಸುವುದು. ಮುಂದುಗಡೆಯವರಿಗೆ ಅದು ಧೂಳಿನ ಕೆಲಸ ಅಂತ ಅಸಡ್ಡೆ. ನನ್ನನ್ನು ಕೇಳಿದರೆ ಗೋಡೌನಿನಲ್ಲಿ ಅತಿ ಜವಾಬ್ದಾರಿಯ ಕೆಲಸ ಅದು, ಅದಕ್ಕೆ ಹೆಚ್ಚು ಸಂಬಳ ಕೊಡಬೇಕು. ಯಾರೂ ಕೊಡುವುದಿಲ್ಲ.

ಹೊಸಕೋಟೆ, ಮಾಲೂರು, ನೆಲಮಂಗಲ, ದಾಬಸ್‌ಪೇಟೆ, ಎಲ್ಲಿ ನೋಡಿದರೂ ಈಗ ಗೋಡೌನು. ಇಷ್ಟು ದೊಡ್ಡವು ಏಳಲು ಒಂದು ಕಾರಣ ತೆರಿಗೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬರುವ ಮುಂಚೆ ರಾಜ್ಯದಿಂದ ರಾಜ್ಯಕ್ಕೆ ಮಾರಿದರೆ ಕೇಂದ್ರದ ಮಾರಾಟ ತೆರಿಗೆ ಬೀಳುತ್ತಿತ್ತು, ಅದನ್ನು ಉಳಿಸಲು ಕಂಪನಿಗಳು ರಾಜ್ಯಕ್ಕೊಂದು ಸಣ್ಣ ಡಿಪೋ ಇಟ್ಟುಕೊಳ್ಳುತ್ತಿದ್ದವು. ಆಮೇಲೆ ಆ ಅಗತ್ಯ ತಪ್ಪಿತು, ಸಣ್ಣವನ್ನು ಮುಚ್ಚಿ ದೊಡ್ಡವನ್ನು ಕಟ್ಟಿದರು. ನನ್ನ ಡಿಪೋ ಹೀಗೇ ಮುಚ್ಚಿತು, ನಾನು ಊರು ಸೇರಿದೆ. ಮುಂದೆ ರೋಬಾಟು ಬಂದರೆ ನಮ್ಮ ಗತಿ ಅಂತ ನೀನು ಕೇಳಿದ್ದೆ. 2012ರಲ್ಲೇ ಅಮೆಜಾನ್ ಕಂಪನಿ ಕೀವಾ ಅನ್ನುವ ರೋಬಾಟು ಕಂಪನಿಯನ್ನು 77.5 ಕೋಟಿ ಡಾಲರ್ ಕೊಟ್ಟು ಕೊಂಡಿತು. ಆ ರೋಬಾಟುಗಳು ರ‍್ಯಾಕನ್ನೇ ಹೊತ್ತು ತಂದು ಮನುಷ್ಯರ ಮುಂದೆ ನಿಲ್ಲಿಸುತ್ತವೆ. ನಡಿಗೆ ಪೂರಾ ಹೋಯಿತು. ಆದರೆ ಬಂದು ನಿಂತ ರ‍್ಯಾಕಿನ ಯಾವ ಗೂಡು ಅಂತ ಅಲ್ಲೂ ಬೆಳಕು ಬಿಟ್ಟೇ ತೋರಿಸಬೇಕು, ಅಲ್ಲೂ ಬಹುಮಟ್ಟಿಗೆ ಕೈ ಹಾಕುವುದು ಮನುಷ್ಯರೇ. ಎಷ್ಟು ವರ್ಷ ಹೀಗಿರುತ್ತದೆ ಅಂತ ನಾನು ಜ್ಯೋತಿಷ್ಯ ಹೇಳುವುದಿಲ್ಲ.

ಮೈ ನೋಡಿಕೋ. ಎಂಟು ಒಂಬತ್ತು ಗಂಟೆ ಸಿಮೆಂಟು ನೆಲದ ಮೇಲೆ ನಿಲ್ಲುವ ಕಾಲು ಸಂಜೆಗೆ ಊದುತ್ತದೆ, ಶೂ ಕೊಳ್ಳುವಾಗ ಸಂಜೆ ಹೊತ್ತು ಹೋಗಿ ಅಳತೆ ಕೊಡು. ಕೆಳಗಿನ ಅರೆಗೆ ಸೊಂಟ ಬಗ್ಗಿಸಬೇಡ, ಮಂಡಿ ಬಗ್ಗಿಸು. ನಿನ್ನ ಅತ್ತೆ ಪಕ್ಕದಲ್ಲೇ ಕೂತು ಇದನ್ನೂ ಬರಿ ಅನ್ನುತ್ತಿದ್ದಾಳೆ: ಟಾರ್ಗೆಟ್ಟಿಗೆ ಹೆದರಿ ನೀರು ಕುಡಿಯದೆ ಇರುವುದು, ಬಾತ್‌ರೂಮಿಗೆ ಹೋಗದೆ ತಡೆದುಕೊಳ್ಳುವುದು ಮಾಡಬೇಡ. ಅವಳ ತಂಗಿಯ ಮಗಳು ಗಾರ್ಮೆಂಟ್ಸಿನಲ್ಲಿ ಹಾಗೆ ಮಾಡಿ ಆಸ್ಪತ್ರೆ ಸೇರಿದ್ದಳು.

ದುಡ್ಡಿನ ವಿಷಯವೂ ಬರೆದುಬಿಡುತ್ತೇನೆ. ನೀನು ಸೇರಿರುವುದು ಏಜೆನ್ಸಿಯ ಮೂಲಕ. ಏಜೆನ್ಸಿ ಬದಲಾದರೂ ನಿನ್ನ ಪಿಎಫ್‌ನ ಯುಎಎನ್ ನಂಬರು ಒಂದೇ ಇರಬೇಕು, ಹೊಸದು ಮಾಡಿಸಲು ಬಿಡಬೇಡ. ಮೂರು ತಿಂಗಳಿಗೊಮ್ಮೆ ಪಾಸ್‌ಬುಕ್ ತೆರೆದು, ಹಿಡಿದ ದುಡ್ಡು ಜಮೆಯಾಗಿದೆಯೇ ನೋಡು. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳಕ್ಕೆ ಇಎಸ್‌ಐ ಇದೆ, ನಿನ್ನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ. ಅದರ ಚೀಟಿಯಲ್ಲಿ ಅಪ್ಪ ಅಮ್ಮನ ಹೆಸರು ಸೇರಿಸಲು ಬರುತ್ತದೆಯೇ ಅಂತ ಎಚ್‌ಆರ್‌ನವರನ್ನು ಕೇಳು. ಕೇಳಲು ಮುಜುಗರವಾದರೆ ನನಗೆ ಫೋನು ಹಚ್ಚಿಕೊಡು, ನಾನು ಕೇಳುತ್ತೇನೆ.

ಗೌರಿ ಹಬ್ಬಕ್ಕೆ ಬರುತ್ತೀಯಲ್ಲ, ಬರುವಾಗ ಒಂದು ಕೆಲಸ ಮಾಡಿಕೊಂಡು ಬಾ. ಒಳಗೆ ಫೋನು ಬಿಡುವುದಿಲ್ಲ ಅಂದೆಯಲ್ಲ, ಬೇಡ, ನೆನಪೇ ಸಾಕು. ನಿನ್ನ ಝೋನಿನ ಎಡಗಡೆ ಮೊದಲ ರ‍್ಯಾಕಿನಲ್ಲಿ, ಎದೆಯೆತ್ತರದ ಅರೆಯಲ್ಲಿ, ಸಾಲಾಗಿ ಹತ್ತು ಬಿನ್‌ಗಳಲ್ಲಿ ಏನೇನಿದೆ, ಯಾವುದರ ಡಬ್ಬಿ ಯಾವ ಬಣ್ಣ, ಯಾವುದು ಯಾವುದರ ಹಾಗೆ ಕಾಣುತ್ತದೆ ಅಂತ ಬಸ್ಸಿನಲ್ಲಿ ಕೂತು ಒಂದು ಹಾಳೆಯ ಮೇಲೆ ಬರೆದು ತಾ. ನಾನು ಕೇಳುತ್ತೇನೆ.

ನಿನ್ನ ಮಾವ